ಡಬ್ಬಿಯ ಋಣ

ಅರ್ಧ ಗಂಟೆಯ ಭೇಟಿಗೆ ಎರಡು ಸಾಲು ಕೃತಜ್ಞತೆ ಬರೆಯಲು ಅರ್ಧ ದಿನ ಹಿಡಿಯುತ್ತದೆಂಬುದನ್ನು ಯಾವ ಕಾಲೇಜಿನಲ್ಲೂ ಹೇಳಿಕೊಡುವುದಿಲ್ಲ. ಭೇಟಿಯ ದಿನಾಂಕ, ಹತ್ತಿದ ಬಸ್ಸು, ಆಡಿದ ಮಾತು ಎಲ್ಲವೂ ನನ್ನ ದಿನಚರಿಯಲ್ಲಿ ಅಚ್ಚುಕಟ್ಟಾಗಿ ಕೂತಿವೆ. ಫೋನಿನಲ್ಲಿ ಮಾತ್ರ ‘ಸಾರ್’ ಎಂಬ ಒಂದೇ ಪದ ಒಂಟಿಯಾಗಿ ನಿಂತಿದೆ.

ಸಾರ್ ಎಂದರೆ ನಮ್ಮ ರಾಯಕೋಟೆಯವರೇ ಆದ ಮುನಿರಾಜು, ಹೊಸೂರಿನ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ತಪಾಸಣೆಯ ಮೇಲ್ವಿಚಾರಕರು. ಭಾನುವಾರ ಅವರ ಮನೆಗೆ ಹೋಗಿದ್ದೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದನ್ನು ಸಂದರ್ಶನಕ್ಕೆ ಮೊದಲು ಕಲಿ ಎಂದರು, ಜಾಗ ಖಾಲಿಯಾದರೆ ನನ್ನ ಹೆಸರು ಹೇಳುವುದಾಗಿಯೂ ಅಂದರು. ಹೊರಡುವಾಗ ಅವರ ಮಡದಿ ಸ್ಟೀಲ್ ಡಬ್ಬಿಯಲ್ಲಿ ನಿಪ್ಪಟ್ಟು ತುಂಬಿಕೊಟ್ಟರು. ಓದು ಮುಗಿಸಿ ಮನೆಯಲ್ಲಿ ಕೂತ ನನಗೆ ಸದ್ಯಕ್ಕಿರುವುದು ಆ ಒಂದು ಬಾಗಿಲು, ಈ ಒಂದು ಡಬ್ಬಿ.

ಇಂಗ್ಲಿಷಿನಲ್ಲಿ ಬರೆದರೆ ಅರ್ಜಿಯಂತೆ, ತಮಿಳಿನಲ್ಲಿ ಬರೆದರೆ ಕಚೇರಿಯ ಸುತ್ತೋಲೆಯಂತೆ, ಕನ್ನಡದಲ್ಲಿ ಬರೆದರೆ ಸಕ್ಕರೆ ಕಡ ಕೇಳಲು ಬಂದ ಪಕ್ಕದ ಮನೆಯವಳಂತೆ ಕಾಣುತ್ತಿತ್ತು. ಬರೆದೆ, ಅಳಿಸಿದೆ. ಬೇಗ ಕಳಿಸಿದರೆ ಆತುರ, ತಡವಾದರೆ ಅಹಂಕಾರ.

“ಏನೇ ಅದು, ಮದುವೆ ಕಾಗದ ಬರಿಯೋಕೂ ಇಷ್ಟು ಹೊತ್ತು ಆಗಲ್ಲ,” ಅಂದಳು ಅಮ್ಮ.

“ಥ್ಯಾಂಕ್ಸ್ ಹೇಳ್ಬೇಕಮ್ಮಾ.”

“ಅವರೇನ್ ಬ್ಯಾಂಕ್ ಮ್ಯಾನೇಜರ್ರಾ? ಡಬ್ಬಿಗೆ ಅವರೆಕಾಳು ತುಂಬ್ಸಿ ಕೊಟ್ ಬಾ. ಬರೀ ಡಬ್ಬಿ ವಾಪಸ್ ಕೊಟ್ಟು ಮಾನ ಕಳೀಬೇಡ.”

ಕೆಲಸಕ್ಕೆ ಮೊದಲು ಅವರೆಕಾಳು ಕೊಟ್ಟರೆ ಲಂಚ, ಸಿಕ್ಕ ಮೇಲೆ ಕೊಟ್ಟರೆ ಕೂಲಿ. ಹಾಗಾದರೆ, ಕೆಲಸ ಸಿಗದೇ ಹೋದಾಗಲೂ ಕೊಡುವುದಷ್ಟೇ ಕೃತಜ್ಞತೆಯಲ್ಲವೇ? ಈ ಪ್ರಶ್ನೆ ಹೊಳೆದದ್ದೇ ಬೆರಳು ತಾನಾಗಿ ಓಡಿತು:

‘ಸಾರ್, ಗೊತ್ತಿಲ್ಲ ಅನ್ನುವುದನ್ನು ಅಭ್ಯಾಸ ಮಾಡುತ್ತಿದ್ದೇನೆ. ನಿಪ್ಪಟ್ಟು ಬಸ್ಸಿನಲ್ಲೇ ಮುಗಿಯಿತು. ಕೆಲಸ ಆಗಲಿ ಬಿಡಲಿ, ಡಬ್ಬಿಗೆ ಅವರೆ ತುಂಬಿಸಿಕೊಂಡು ಬರುತ್ತೇನೆ.’

ಕಳಿಸಿದ ಮೇಲೆ ಫೋನನ್ನು ಮಗುಚಿಟ್ಟೆ, ಮತ್ತೆ ಎತ್ತಿದೆ, ಮತ್ತೆ ಮಗುಚಿದೆ. ಊಟದ ಹೊತ್ತಿಗೆ ಅವರ ದನಿಯ ಸಂದೇಶ ಬಂತು: “ಜಾಗದ ವಿಷ್ಯ ಇನ್ನೂ ತಿಳಿದಿಲ್ಲಮ್ಮಾ. ಅವರೆಕಾಯಿ ತಂದ್ರೆ ಸೊಗಡಿರೋದ್ ನೋಡಿ ತಾ. ಹೊಸೂರಲ್ಲಿ ಸಿಗೋದು ಬರೀ ಸಿಪ್ಪೆ.”

ಜಾಗ ಖಾಲಿಯಾಗುವುದೋ ಇಲ್ಲವೋ, ಹೆಸರು ಹೇಳುವರೋ ಇಲ್ಲವೋ, ಆತಂಕ ಇದ್ದಲ್ಲೇ ಇದೆ. ಇದಕ್ಕೇನು ಉತ್ತರ ಬರೆಯುವುದೆಂದು ಮತ್ತೆ ‘ಸಾರ್’ ಎಂದು ಬರೆದು ಕೂತಿದ್ದೇನೆ, ಮಡಿಲ ತುಂಬ ಸೊಗಡಿನ ಅವರೆ ಹಾಕಿಕೊಂಡು, ಬಿಡಿಸುತ್ತಾ.