ಬೂಸ್ಟರ್ ರಿಪೇರಿಯಾಯಿತು, ಮಾವ ಹಿಂದಿನ ಸೀಟಿಗೆ ಹೋದರು

ಗೆಳೆಯರೇ, ನಮ್ಮ ಮಾವನ ಬಲಗಾಲಿನ ಗರ್ವ ಇವತ್ತು ಮಡಿಕೇರಿಯ ಗ್ಯಾರೇಜಿನಲ್ಲಿ ಇಳಿಯಿತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಅಜ್ಜ ಒಬ್ಬ ತೋಟದ ದೊರೆಯಿಂದ ಕೊಂಡ ಕಾರು ಅದು. ಬ್ರೇಕ್ ಕಲ್ಲಿನ ಹಾಗೆ ಗಟ್ಟಿ. ಕಾಫಿ ಮೂಟೆ ತುಂಬಿದ ಜೀಪನ್ನು ಸಂಪಾಜೆ ಘಾಟಿಯಲ್ಲಿ ಸಲೀಸಾಗಿ ಇಳಿಸುವ ಅತ್ತೆಗೂ ಮಾವ ಅದರ ಕೀಲಿ ಕೊಟ್ಟವರಲ್ಲ. "ಈ ಬ್ರೇಕಿಗೆ ಗಂಡಸಿನ ಕಾಲೇ ಬೇಕು ಮಾರಾಯ್ತಿ" ಎನ್ನುತ್ತಿದ್ದರು.

ಹೋದದ್ದು ಹಾರ್ನ್ ಸರಿಮಾಡಿಸಲು. ಮೆಕ್ಯಾನಿಕ್ ಹಮೀದಿಕ್ಕ ಬ್ರೇಕ್ ಒತ್ತಿ ನೋಡಿ ನಕ್ಕರು. "ಬ್ರೇಕಿಗೆ ಬಲ ಕೊಡೋ ಬೂಸ್ಟರ್ ಒಳಗಿನ ರಬ್ಬರ್ ಯಾವ ಕಾಲದಲ್ಲೋ ಹರಿದಿದೆ ಸಾರ್. ಎಂಜಿನ್ ಮಾಡ್ಬೇಕಾದ ಕೆಲ್ಸ ಇಷ್ಟು ವರ್ಷ ನಿಮ್ಮ ಕಾಲು ಮಾಡಿದೆ."

"ದೊರೆ ಕಾರಿನ ಬ್ರೇಕ್ ಅಂದ್ರೆ ಹಾಗೇ ಇರೋದು!" ಎಂದರು ಮಾವ.

"ನೀವು ರಬ್ಬರ್ ಹಾಕಿ ಹಮೀದಿಕ್ಕ" ಎಂದರು ಅತ್ತೆ.

ಸಂಜೆ ಗ್ಯಾರೇಜಿನ ಗೇಟಿನಲ್ಲಿ ಮಾವ ಅಭ್ಯಾಸಬಲದಿಂದ ಸೀಟು ಬಿಟ್ಟೆದ್ದು ಬ್ರೇಕ್ ಒತ್ತಿದರು. ಕಾರು ಅಲ್ಲೇ ಕಚ್ಚಿಕೊಂಡು ನಿಂತಿತು. ಅತ್ತೆಯ ಮಡಿಲಿನ ಬುಟ್ಟಿಯಿಂದ ಕಿತ್ತಳೆಗಳೆಲ್ಲ ಮಾವನ ಕಾಲಡಿಗೆ ಉರುಳಿದವು.

ಅತ್ತೆ ಇಳಿದು, ಸುತ್ತಿ ಬಂದು ಮಾವನ ಕಡೆಯ ಬಾಗಿಲು ತೆರೆದರು. "ಇಳೀರಿ. ಇದಕ್ಕಿನ್ನು ಯಾರ ಕಾಲಾದ್ರೂ ಸಾಕು."

ಕಿತ್ತಳೆ ಆಯ್ದು ತುಂಬಿದ ಬುಟ್ಟಿ ಮುಂದಿನ ಸೀಟಿನಲ್ಲೇ ಉಳಿಯಿತು, ಮಾವ ಹಿಂದೆ ನನ್ನ ಪಕ್ಕಕ್ಕೆ ಬಂದರು. ಅತ್ತೆ ಹಾಡು ಗುನುಗುತ್ತ ಘಾಟಿ ಇಳಿಸಿದರು. ಪ್ರತಿ ತಿರುವಿನಲ್ಲೂ ಮಾವ ಬಲಗಾಲಿನಿಂದ ನೆಲ ಒತ್ತುತ್ತಲೇ ಇದ್ದರು.

ಹಮೀದಿಕ್ಕನಿಗೆ ಫೋನ್ ಮಾಡಿ ಹೇಳಿದ್ದೇನೆ, ಹಿಂದಿನ ಸೀಟಿಗೂ ಒಂದು ಬೂಸ್ಟರ್ ಬೇಕು.