ಸ್ವಲ್ಪ ಬಿಸಿಯಾಗುವಂಥದ್ದು ಇದೆಯೇ?

ಮದುವೆಗೆ ಹೆಣ್ಣು ನೋಡಲು ಹೋದಾಗಲೂ ನಾನು ಇಷ್ಟು ವಿಚಾರಿಸಿರಲಿಲ್ಲ. ಒಂದು ಮನೆಗೆ ಹೋದೆ, ಒಂದು ಲೋಟ ಚಹಾ ಕುಡಿದೆ, ಹೂಂ ಅಂದೆ. ಹೋದ ವರ್ಷ ಒಂದು ಕಂಪ್ಯೂಟರಿಗೆ ಬಿಡಿಭಾಗ ಆರಿಸಲು ಕುಳಿತವನು ಮಾತ್ರ, ಅಂಕೋಲೆ ಪೇಟೆಯಲ್ಲಿ ಮಾವಿನ ಹಣ್ಣು ಬಂದು, ಮಾರಾಟವಾಗಿ, ಮುಗಿದು, ಮಳೆಮೋಡ ಕಾಣಿಸಿಕೊಂಡರೂ ಎದ್ದಿರಲಿಲ್ಲ.

ಬೇಕಾದದ್ದು ದೊಡ್ಡದೇನಲ್ಲ. ಮನೆಯವರೆಲ್ಲರ ಫೋನುಗಳು ಫೋಟೊ ತುಂಬಿ ಏದುಸಿರು ಬಿಡುತ್ತಿದ್ದವು. ಅವನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡು, ಯಾರು ಯಾವಾಗ ಕೇಳಿದರೂ ತೆಗೆದುಕೊಡುವ ಒಂದು ಯಂತ್ರ ಬೇಕಿತ್ತು. ಅದು ಸದಾ ಚಾಲೂ ಇರಬೇಕು, ಆದರೆ ಕರೆಂಟು ತಿನ್ನಬಾರದು. ಸದ್ದು ಮಾಡಬಾರದು. ಎಷ್ಟು ದುಡಿದರೂ ಬಿಸಿಯಾಗಬಾರದು. ಇಷ್ಟು ಒಳ್ಳೆಯ ಗುಣದವರು ನಮ್ಮ ಬೊಬ್ರುವಾಡದಲ್ಲಿ ಯಾರೂ ಇಲ್ಲ, ಈ ಮನೆಯಲ್ಲಂತೂ ಹುಡುಕುವುದೇ ಬೇಡ ಎಂದು ನನ್ನ ಹೆಂಡತಿ ಸುಮಿತ್ರಾ ನನ್ನನ್ನೇ ನೋಡುತ್ತ ಹೇಳಿದಳು.

ಕಾರವಾರದ ಆಫೀಸಿಗೆ ಬಸ್ಸಿನಲ್ಲಿ ಹೋಗಿಬರುವ ಹೊತ್ತೆಲ್ಲ ನಾನು ಕರೆಂಟಿನ ಲೆಕ್ಕವಾದ ವ್ಯಾಟಿನ ಅಧ್ಯಯನಕ್ಕೆ ಕೊಟ್ಟೆ. ಕರೆಂಟು ಒದಗಿಸುವ ಪವರ್ ಸಪ್ಲೈಗಳಿಗೂ ಶಾಲೆಯ ಕ್ರೀಡಾಕೂಟದ ಹಾಗೆ ಕಂಚು, ಬೆಳ್ಳಿ, ಚಿನ್ನ ಎಂದು ದರ್ಜೆಗಳಿವೆ ಎಂಬುದು ನಿಮಗೆ ಗೊತ್ತಿತ್ತೇ? ನಾನು ಮರುಳಾಗಿ ಚಿನ್ನದ್ದನ್ನೇ ಆರಿಸಿದೆ. ಆಮೇಲೆ ತಿಳಿಯಿತು, ಅಷ್ಟು ದೊಡ್ಡದರಿಂದ ಇಷ್ಟು ಚಿಕ್ಕ ಕೆಲಸ ಮಾಡಿಸುವುದೆಂದರೆ ಪೈಲ್ವಾನನನ್ನು ಬೀಡಿ ತರಲು ಅಂಗಡಿಗೆ ಕಳಿಸಿದ ಹಾಗೆ. ಅವನ ಊಟದ ಖರ್ಚೇ ಹೆಚ್ಚು. ಸರಿ, ಲ್ಯಾಪ್‌ಟಾಪಿಗೆ ಇರುವಂಥ ಪುಟ್ಟ ಅಡಾಪ್ಟರ್ ಸಾಕು ಎಂದು ತೀರ್ಮಾನಿಸಿದೆ. ಪ್ರೊಸೆಸರ್ ಎಲ್ಲಕ್ಕಿಂತ ಮಿತಾಹಾರಿಯಾದದ್ದು. ಗಿರಗಿರ ತಿರುಗುವ ಡಿಸ್ಕ್ ಬೇಡ, ಅಲುಗಾಡದ ಎಸ್‌ಎಸ್‌ಡಿ ಇರಲಿ. ಫ್ಯಾನಂತೂ ಬೇಡವೇ ಬೇಡ. ನಮ್ಮ ಕಡಲ ಗಾಳಿ ಕಿಟಕಿಯ ಸರಳನ್ನೇ ತಿಂದು ಮುಗಿಸುತ್ತದೆ. ಅಂಥ ಗಾಳಿಯನ್ನು ಫ್ಯಾನು ಹಚ್ಚಿ ಕರೆದು ಒಳಗೆ ಕೂರಿಸುವುದು ಬುದ್ಧಿವಂತಿಕೆಯಲ್ಲ. ಜೊತೆಗೆ ಹಲ್ಲಿಗಳು. ಹಳೆಯ ಕಂಪ್ಯೂಟರನ್ನು ರಿಪೇರಿಗೆ ಬಿಚ್ಚಿದಾಗ ಅದರೊಳಗೆ ನಮ್ಮ ಮನೆಗಿಂತ ದೊಡ್ಡ ಸಂಸಾರವಿತ್ತು.

ಎಲ್ಲ ಆರಿಸಿ ಮುಗಿದ ದಿನ, ಕನ್ಯಾದಾನಕ್ಕೆ ಸಿದ್ಧನಾದವನ ಗತ್ತಿನಲ್ಲಿ ಸುಮಿತ್ರಾಳಿಗೆ ಹೇಳಿದೆ: ಹಳೆಯದನ್ನು ಗುಜರಿಗೆ ಹಾಕೋಣ, ಹೊಸದು ಎಷ್ಟು ಹೊತ್ತು ಚಾಲೂ ಇದ್ದರೂ ಬಿಸಿಯಾಗುವುದಿಲ್ಲ.

"ಒಂಚೂರೂ ಬಿಸಿ ಆಗೂದಿಲ್ವಾ?"

"ಮುಟ್ಟಿದ್ರೆ ಕಲ್ಲಿನ ಹಾಂಗೆ ತಣ್ಣಗೆ ಇರ್ತದೆ."

"ಹಾಂಗಾದ್ರೆ ನನ್ನ ಬೀಜ ಎಲ್ಲಿ ಇಡೂದು?"

ಈ ಪ್ರಶ್ನೆ ಕಂಪ್ಯೂಟರ್ ತಜ್ಞರ ಯಾವ ಲೇಖನದಲ್ಲೂ ಇರಲಿಲ್ಲ. ಕೆದಕಿ ಕೇಳಿದ ಮೇಲೆ ಸತ್ಯ ಹೊರಬಿತ್ತು. ಮಳೆಗಾಲದಲ್ಲಿ ಮಧ್ಯಾಹ್ನ ಊಟವಾದ ಮೇಲೆ ಸುಮಿತ್ರಾ ಹೋಗಿ ಹಳೆಯ ಕಂಪ್ಯೂಟರ್ ಚಾಲೂ ಮಾಡುವುದನ್ನು ನಾನು ರಜಾದಿನಗಳಲ್ಲಿ ನೋಡಿದ್ದೆ. ನನ್ನ ಹೆಂಡತಿ ಈ ವಯಸ್ಸಿನಲ್ಲಿ ತಾನಾಗಿ ಕಂಪ್ಯೂಟರ್ ಕಲಿಯುತ್ತಿದ್ದಾಳೆ ಎಂದು ಆಫೀಸಿನಲ್ಲಿ ಹೇಳಿಕೊಂಡು ತಿರುಗಿದ್ದೆ. ಅವಳು ಅದನ್ನು ಚಾಲೂ ಮಾಡಿ, ನೆತ್ತಿಯ ಮೇಲೆ ಒಂದು ಡಬ್ಬಿ ಇಟ್ಟು, ಮಲಗಲು ಹೋಗುತ್ತಿದ್ದಳಂತೆ. ಡಬ್ಬಿಯಲ್ಲಿ ಬೂದಿ ಬೆರೆಸಿಟ್ಟ ಮೊಗೆಕಾಯಿ ಬೀಜ.

ಮೊಗೆಕಾಯಿ ಎಂದರೆ ಭತ್ತದ ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ನಮ್ಮ ಕಡೆ ಬೆಳೆಯುವ ದುಂಡನೆಯ ಸೌತೆ. ಬೇಸಿಗೆಯಲ್ಲಿ ತೆಗೆದ ಬೀಜ ಮಳೆಗಾಲ ಪೂರ್ತಿ ಬೂಸಲು ಹಿಡಿಯದೆ ಉಳಿಯಬೇಕು. ಉಪ್ಪು ನೀರಾಗುವ, ಬೆಂಕಿಕಡ್ಡಿ ಹತ್ತಲು ಒಪ್ಪದ ಆ ತಿಂಗಳುಗಳಲ್ಲಿ ಅದೇನು ಸುಲಭವಲ್ಲ. ಮೊದಲು ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗಿನ ಜಾಗವಿರುತ್ತಿತ್ತು. ಗ್ಯಾಸ್ ಬಂತು, ಹೊಗೆ ಹೋಯಿತು, ಅಟ್ಟ ತಣ್ಣಗಾಯಿತು. ಈಗ ಇಡೀ ಮನೆಯಲ್ಲಿ ಬೆಚ್ಚಗಿರುವುದು ನನ್ನ ಕಂಪ್ಯೂಟರಿನ ನೆತ್ತಿಯೊಂದೇ ಎಂದು ಅವಳು ಯಾವತ್ತೋ ಕಂಡುಕೊಂಡಿದ್ದಳು.

"ಬೀಜ ಪೇಟೆಯಲ್ಲೇ ಸಿಗ್ತದಲ್ಲೆ," ಎಂದೆ. ಹೇಳಬಾರದಿತ್ತು.

"ಅಬ್ಬೆಯ ಗದ್ದೇದು ಸಿಗ್ತದಾ?" ಎಂದಳು.

ಅವಳ ತವರು ಬಾಳೆಗುಳಿಯ ಹತ್ತಿರ. ಅವಳ ಅಬ್ಬೆ, ಅಂದರೆ ತಾಯಿ, ಮೊಗೆಕಾಯಿ ಬೆಳೆಯುತ್ತಿದ್ದ ಗದ್ದೆ, ರಸ್ತೆ ಅಗಲವಾದಾಗ ರಸ್ತೆಗೆ ಹೋಯಿತು. ಅಬ್ಬೆಯೂ ಹೋದರು. ಹಿಂದೊಮ್ಮೆ ತಂದಿದ್ದ ಒಂದು ಮುಷ್ಟಿ ಬೀಜವನ್ನು ಸುಮಿತ್ರಾ ನಮ್ಮ ಹಿತ್ತಲಲ್ಲಿ ವರ್ಷವರ್ಷವೂ ಬಿತ್ತಿ, ವರ್ಷವರ್ಷವೂ ಉಳಿಸಿಕೊಂಡಿದ್ದಳು. ಒಂದು ಮಳೆಗಾಲ ಕೆಟ್ಟರೆ ಆ ಗದ್ದೆಯದೆಂದು ಹೇಳಿಕೊಳ್ಳಲು ಭೂಮಿಯ ಮೇಲೆ ಏನೂ ಉಳಿಯುವುದಿಲ್ಲ. ನಾನು ಫೋಟೊ ಉಳಿಸಲು ಅಷ್ಟು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಆ ಗದ್ದೆಯ ಒಂದು ಫೋಟೊ ಕೂಡ ನಮ್ಮಲ್ಲಿರಲಿಲ್ಲ. ಅವತ್ತು ಮತ್ತೆ ವ್ಯಾಟಿನ ಮಾತು ಎತ್ತಲಿಲ್ಲ.

ಮಾರನೆಯ ದಿನ ಕಾರವಾರದ ಕಂಪ್ಯೂಟರ್ ಅಂಗಡಿಯಲ್ಲಿ ನಿಂತು, ಅಲ್ಲಿಯವರೆಗೆ ಯಾವ ಗಿರಾಕಿಯೂ ಕೇಳದ್ದನ್ನು ಕೇಳಿದೆ: "ಇದಕ್ಕಿಂತ ಸ್ವಲ್ಪ ಬಿಸಿಯಾಗುವಂಥದ್ದು ಇದೆಯಾ?"

ಅಂಗಡಿಯವರು ನನ್ನ ಮುಖ ನೋಡಿದರು. ಸದಾ ಮೂಗಿನ ತುದಿಯಲ್ಲೇ ಕನ್ನಡಕ ಇಟ್ಟುಕೊಂಡಿರುವ ಮನುಷ್ಯ, ಅವತ್ತು ಮೇಲೇರಿಸಿಕೊಂಡರು. "ಅರೇ ದೇವಾ! ತಂಪಿರೂದು ಬೇಕು ಹೇಳಿ ನನ್ನ ಜೀವ ತಿಂದವ್ರು ನೀವೇ ಅಲ್ದಾ ಸರ್?"

ವಿಷಯ ತಿಳಿಸಿದೆ. ಅವರು ನಗಲಿಲ್ಲ, ಯೋಚಿಸಿದರು. ಕಪಾಟಿನಿಂದ ಬೆನ್ನ ಮೇಲೆಲ್ಲ ಲೋಹದ ಏಣುಗಳಿದ್ದ ಕ್ಯಾಬಿನೆಟ್ ಒಂದನ್ನು ಇಳಿಸಿದರು. "ಇದಕ್ಕೆ ಫ್ಯಾನ್ ಇಲ್ಲ. ಒಳಗಿನ ಬಿಸಿಯೆಲ್ಲ ಮೈಮೇಲೇ ಬರೂದು. ಮುಟ್ಟಿದ್ರೆ ಬೆಚ್ಚಗಾಗ್ತದೆ ಹೇಳಿ ಒಬ್ರು ವಾಪಸ್ ಕೊಟ್ಟೋಗಿದ್ರು." ಆ ವಾಪಸ್ ಬಂದ ವರನನ್ನೇ ನಾನು ಮನೆಗೆ ಕರೆತಂದೆ. ಮಿತಾಹಾರಿ ಪ್ರೊಸೆಸರನ್ನು ಬಿಟ್ಟು, ಅದಕ್ಕಿಂತ ಒಂದು ತುತ್ತು ಹೆಚ್ಚು ತಿನ್ನುವುದನ್ನು ಒಳಗೆ ಹಾಕಿಸಿದೆ. ತಜ್ಞರು ಕ್ಷಮಿಸಬೇಕು.

ಆ ಮಳೆಗಾಲ ಸುಮಿತ್ರಾ ದಿನಕ್ಕೊಮ್ಮೆ ಜ್ವರ ನೋಡುವ ಹಾಗೆ ಅದರ ಬೆನ್ನ ಮೇಲೆ ಅಂಗೈ ಇಡುತ್ತಿದ್ದಳು. ಒಳಗೆ ನಮ್ಮ ಫೋಟೊಗಳು, ಮೇಲೆ ಅವಳ ಡಬ್ಬಿ. ಕರೆಂಟು ಹೋಗಿ ಯುಪಿಎಸ್ ಕೂಗಿಕೊಂಡರೆ ನನಗಿಂತ ಮೊದಲು ಓಡುತ್ತಿದ್ದವಳು ಅವಳೇ. ಮಳೆ ಹಿಂದೆ ಸರಿದ ಮೇಲೆ ಹಿತ್ತಲಲ್ಲಿ ಬೀಜ ಊರಿದಳು. ಒಂದೆರಡು ದಿನ ನಾನೂ, ಬಟ್ಟೆ ಒಣಗಿತೇ ಎಂದು ನೋಡುವ ನೆಪದಲ್ಲಿ, ಹೋಗಿ ಬಗ್ಗಿ ನೋಡಿದೆ. ಮೂರನೆಯ ಸಲ ಹೋದಾಗ ಹಸಿರು ಕಂಡಿತು. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಹಾವೆಂದುಕೊಂಡು ಕೋಲು ತಂದರು.

ಕಾಯಿ ಬಿಟ್ಟ ಕಾಲಕ್ಕೆ ಸುಮಿತ್ರಾಳ ತಮ್ಮ ಗಣಪತಿ ಊಟಕ್ಕೆ ಬಂದ. ಗದ್ದೆ ಹೋದ ಮೇಲೆ ಅವನು ಅಂಕೋಲೆಯಲ್ಲಿ ರಿಕ್ಷಾ ಓಡಿಸುತ್ತಾನೆ. ಬೇಸಾಯದ ಮಾತು ಬಂದರೆ ಎದ್ದುಹೋಗುತ್ತಾನೆ. ಒಣ ಸೀಗಡಿ ಹಾಕಿದ ಮೊಗೆಕಾಯಿ ಸಾರು ಕಲಸಿ ಒಂದು ತುತ್ತು ತಿಂದವನು ಅಕ್ಕನ ಕಡೆ ತಿರುಗಿದ.

"ಅಕ್ಕಾ, ಇದು ನಮ್ಮ ಗದ್ದೇದು ಅಲ್ದಾ? ತಿಂದಾದ ಮೇಲೆ ಕಡೆಗೆ ಹೀಂಗೆ ಒಂಚೂರು ಕಹಿ ಬರೂದು ಅಬ್ಬೆ ಬೆಳೆದದ್ದು ಒಂದೇ."

"ಹೌದೋ. ಅದೇ ಬೀಜ."

ಅವನು ತಟ್ಟೆ ಮುಂದೆ ಸರಿಸಿದ. ಇನ್ನೊಂದು ಸಲ ಅನ್ನ ಹಾಕಿಸಿಕೊಂಡ, ಮತ್ತೊಂದು ಸಲ ಹಾಕಿಸಿಕೊಂಡ. ಕೈ ತೊಳೆದು ಬಂದು, ತನಗೂ ಒಂದಿಷ್ಟು ಬೀಜ ಬೇಕೆಂದ. ಬಾಡಿಗೆ ಮನೆಯ ಹಿಂದೆ ನಾಲ್ಕು ಬಳ್ಳಿಗೆ ಜಾಗವಿದೆಯಂತೆ. ಬೀಜವನ್ನು ಮಳೆಗಾಲದಲ್ಲಿ ಎಲ್ಲಿಡಬೇಕೆಂಬುದಕ್ಕೆ ಸುಮಿತ್ರಾ ನನ್ನ ಯಂತ್ರ ತೋರಿಸಿದಳು. ಇಷ್ಟು ಕಾಲ ಕಾದಿದ್ದ ಅವಕಾಶ! ನಾನು ಪ್ರೊಸೆಸರಿನಿಂದ ಹಿಡಿದು ಅಡಾಪ್ಟರಿನವರೆಗೆ ಎಲ್ಲ ವಿವರಿಸಿದೆ. ಅವನು ತಾಳ್ಮೆಯಿಂದ ಕೇಳಿದ.

"ಭಾವಾ, ಒಳಗಿಂದು ಬ್ಯಾಡ, ಹೊರಗಿನ ಬೆಚ್ಚಗಿರೂ ಡಬ್ಬಿ ಒಂದೇ ಸಿಗ್ತದಾ?"

"ಇಲ್ಲವೋ," ಎಂದೆ. "ಹೊರಗೆ ಬೆಚ್ಚಗಿರಬೇಕಾದರೆ ಒಳಗೆ ಒಬ್ಬರು ಬಿಡುವಿಲ್ಲದೆ ದುಡೀತಾ ಇರಬೇಕಾಗ್ತದೆ."

ಬೀಜಕ್ಕೆಂದು ಬಿಟ್ಟ ಹಣ್ಣು ಮೊಗೆಕಾಯಿಯನ್ನು ತಮ್ಮನ ಚೀಲಕ್ಕೆ ಹಾಕುತ್ತಿದ್ದ ಸುಮಿತ್ರಾ ತಲೆಯೆತ್ತಿದಳು.

"ಕೇಳ್ದ್ಯಾ ಗಣಪತಿ? ಮದ್ವಿ ಆಗಿ ಇಷ್ಟು ವರ್ಷ ಆದ್ಮೇಲೆ ಇವ್ರಿಗೆ ಗೊತ್ತಾಯ್ತು."