ಅರಸನ ಪರವಾಗಿ ಒಂದು ಸಾಲು

ಶುಭಾಶಯ ಪತ್ರಗಳ ಪ್ರೆಸ್ಸಿನಲ್ಲಿ ಕರಡು ತಿದ್ದುವವರಿಗೆ ಕೆಂಪುಶಾಯಿ ಮೇಷ್ಟ್ರು ಎಂದೇ ಹೆಸರು. ಪ್ರೇಮಿಗಳ ದಿನದ ಕಾರ್ಡಿನ ಹಿಂಬದಿಗೆ ಇಪ್ಪತ್ತು ವರ್ಷದಿಂದ ಅವರು ಬರೆದ ಕಥೆಯೇ: ಸೈನಿಕರು ಮದುವೆಯಾಗಕೂಡದೆಂದು ಅರಸ ಕಟ್ಟಪ್ಪಣೆ ಮಾಡಿದ, ಪಾದ್ರಿಯೊಬ್ಬ ಕದ್ದುಮುಚ್ಚಿ ಮದುವೆ ಮಾಡಿಸಿ ತಲೆ ಕಳೆದುಕೊಂಡ. ಅರಸನಿಗೆ ಮೇಷ್ಟ್ರು ವರ್ಷಕ್ಕೊಂದು ಹೊಸ ಬೈಗುಳ ಹುಡುಕುತ್ತಿದ್ದರು. ಪಾದ್ರಿಯ ತಲೆ ಉರುಳುವ ಸಾಲಿಗೆ ಬಂದರೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

ಈ ಸಲ ಅವರ ಮಗಳೇ ಹೇಳದೆ ಕೇಳದೆ, ಅದೇ ಪ್ರೆಸ್ಸಿನಲ್ಲಿ ಮೆಷಿನ್ ಓಡಿಸುವವನನ್ನು ನೋಂದಣಿ ಕಚೇರಿಯಲ್ಲಿ ಮದುವೆಯಾದಳು. ಮೇಷ್ಟ್ರು ಕೆಂಡಾಮಂಡಲವಾಗಿ ಅಲ್ಲಿಗೆ ನುಗ್ಗಿದರು.

"ಯಾರನ್ನ ಕೇಳಿ ಮದುವೆ ಮಾಡಿಸಿದ್ರಿ? ನಿಮ್ಮ ತಲೆ ತೆಗೀಬೇಕು!" ಎಂದು ಗುಮಾಸ್ತನ ಮೇಲೆ ಹರಿಹಾಯ್ದರು.

ಮರುದಿನ, ಅಳಿಯ ಅಚ್ಚು ಹಾಕಬೇಕಿದ್ದ ಕಾರ್ಡಿನ ಕರಡಿನಲ್ಲಿ ಮೇಷ್ಟ್ರು ಅರಸನಿಗಿದ್ದ ಬೈಗುಳವನ್ನೆಲ್ಲ ಹೊಡೆದುಹಾಕಿ, ಕೆಂಪು ಶಾಯಿಯಲ್ಲಿ ಒಂದು ಸಾಲು ಸೇರಿಸಿದರು: "ಪಾಪ, ಆ ಅರಸನಿಗೂ ವಯಸ್ಸಿಗೆ ಬಂದ ಮಗಳಿದ್ದಳು."